ಎರಡು ಪ್ರತಿಗಳ ಗ್ರಂಥ

'ನೂಲಿನಂತೆ ಸೀರೆ, ತಾಯಿಯಂತೆ ಮಗಳು' ಎಂಬ ಗಾದೆ ನಮಗೆಲ್ಲ ಗೊತ್ತಿರುವುದೇ. ಅದರಲ್ಲಿ ಸತ್ಯವಿಲ್ಲವೆಂದು ಯಾರೂ ಹೇಳಲಾರರು. ಆದರೆ ಅದು ಅರ್ಧ ಸತ್ಯ. ತಾಯಿಗೂ ತಂದೆಗೂ ಕಿವಿ ಚೆನ್ನಾಗಿ ಕೇಳುತ್ತದೆ, ಹುಟ್ಟಿದ ಮಗುವಿಗೆ ಮಾತ್ರ ಗುಡುಗು ಬಡಿದರೂ ಕೇಳಿಸುವುದಿಲ್ಲ. ಎರಡು ಮನೆತನಗಳಲ್ಲಿಯೂ ಯಾರೂ ಕಂಡರಿಯದ ಕಾಯಿಲೆಯೊಂದು ಮೊಮ್ಮಗನಲ್ಲಿ ಕಾಣಿಸಿಕೊಳ್ಳುತ್ತದೆ. ಆಗ 'ಇದು ಎಲ್ಲಿಂದ ಬಂತು?' ಎಂಬ ಪ್ರಶ್ನೆ ಏಳುತ್ತದೆ. ಗ್ರಹಣ ಕಾಲದಲ್ಲಿ ಹೊರಗೆ ಬಂದಳು, ಯಾರದೋ ಶಾಪ ತಟ್ಟಿತು, ಸೊಸೆಯ ಕಾಲ್ಗುಣ ಸರಿಯಿಲ್ಲ ಎಂದು ಉತ್ತರಗಳೂ ಹುಟ್ಟುತ್ತವೆ. ಉತ್ತರ ಯಾವುದಾದರೂ ಆಗಲಿ, ಕೊನೆಗೆ ಬೆರಳು ತಿರುಗುವುದು ಹೆತ್ತವಳ ಕಡೆಗೇ. ಈ ಪ್ರಶ್ನೆಗೆ ತಳಿವಿಜ್ಞಾನ ಕೊಡುವ ಉತ್ತರವೇನು ಎಂಬುದನ್ನು ನಾನು ಕನ್ನಡದ ಮೇಷ್ಟರಾಗಿ ತಿಳಿದುಕೊಂಡಷ್ಟರ ಮಟ್ಟಿಗೆ ಈ ಹೊತ್ತು ನಿಮ್ಮ ಮುಂದಿಡುತ್ತೇನೆ.

ನನ್ನ ಊರು ಚನ್ನರಾಯಪಟ್ಟಣ. ಹಾಸನ ಜಿಲ್ಲೆಯ ಪ್ರಸಿದ್ಧ ಚನ್ನರಾಯಪಟ್ಟಣವಲ್ಲ. ಬೆಂಗಳೂರು ಗ್ರಾಮಾಂತರ ಜಿಲ್ಲೆಯ ದೇವನಹಳ್ಳಿ ತಾಲ್ಲೂಕಿನ ಹೋಬಳಿ ಕೇಂದ್ರ. ರಾಗಿ, ದ್ರಾಕ್ಷಿ, ಹಿಪ್ಪುನೇರಳೆಯ ಸೀಮೆ ಇದು. ಅಕ್ಷರ ಬಾರದ ರೈತನಿಗೂ ಇಲ್ಲಿ ತಳಿವಿಜ್ಞಾನದ ಮೊದಲ ಪಾಠ ಬರುತ್ತದೆ. ದೇವನಹಳ್ಳಿಯ ಚಕ್ಕೋತದ ಹೆಸರನ್ನು ನೀವು ಕೇಳಿರಬಹುದು. ಒಳ್ಳೆಯ ಹಣ್ಣು ಕೊಡುವ ಚಕ್ಕೋತದ ಮರವಿದ್ದರೆ ಅದರ ಬೀಜ ನೆಟ್ಟು ಸಸಿ ಮಾಡಲು ತಿಳಿದವರು ಹೋಗುವುದಿಲ್ಲ. ರೆಂಬೆಗೆ ಗೂಟಿ ಕಟ್ಟಿ, ಬೇರು ಬಿಡಿಸಿ, ಅದನ್ನೇ ಕತ್ತರಿಸಿ ನೆಡುತ್ತಾರೆ. ಗೂಟಿಯ ಸಸಿ ತಾಯಿಮರದ ಯಥಾಪ್ರತಿ. ಬೀಜದ ಸಸಿ ಹಾಗಲ್ಲ. ಅದರಲ್ಲಿ ಪರಾಗ ತಂದ ಇನ್ನೊಂದು ಮರದ ಪಾಲೂ ಇರುವುದರಿಂದ ಹಣ್ಣು ಸಿಹಿಯಾಗಬಹುದು, ಒಗರಾಗಬಹುದು, ಸಿಪ್ಪೆ ದಪ್ಪವಾಗಬಹುದು. ಬೀಜವೆಂದರೆ ಇಬ್ಬರ ಪಾಲು ಬೆರೆತ ಗಂಟು ಎಂಬ ತಿಳಿವಳಿಕೆ ಈ ಪದ್ಧತಿಯೊಳಗೇ ಅಡಗಿದೆ.

ರೇಷ್ಮೆಯ ಕಥೆ ಇನ್ನೂ ಸೊಗಸಾದದ್ದು. ನಮ್ಮ ನಾಡಿನ ಹಳೆಯ ಮೈಸೂರು ತಳಿಯ ಹುಳು ಗಟ್ಟಿ ಜೀವ. ಬಿಸಿಲು ಸೆಕೆಗಳನ್ನು ತಾಳಿಕೊಳ್ಳುತ್ತದೆ. ಆದರೆ ಅದರ ಹಳದಿ ಛಾಯೆಯ ಗೂಡಿನಲ್ಲಿ ನೂಲು ಕಡಿಮೆ. ಹೊರಗಿನಿಂದ ಬಂದ ದ್ವಿತಳಿ ಹುಳು ಬಿಳಿಯ ಗೂಡು ಕಟ್ಟುತ್ತದೆ, ನೂಲು ಧಾರಾಳ. ಆದರೆ ಮೈ ಸೂಕ್ಷ್ಮ. ಇವೆರಡನ್ನೂ ಕೂಡಿಸಿ ಮಿಶ್ರತಳಿಯನ್ನು ಪಡೆಯುವ ಕೆಲಸ ಮೈಸೂರು ಸಂಸ್ಥಾನದಲ್ಲಿ ಕಳೆದ ಶತಮಾನದ ಪೂರ್ವಾರ್ಧದಲ್ಲಿಯೇ ಬೇರೂರಿತು. ಇತ್ತೀಚಿನ ದಿನಗಳ 'ಕೋಲಾರ ಗೋಲ್ಡ್' ಎಂಬುದು ಮೈಸೂರು ತಳಿಯ ಹೆಣ್ಣಿಗೆ ಸಿ.ಎಸ್.ಆರ್. 2 ಎಂಬ ದ್ವಿತಳಿಯ ಗಂಡನ್ನು ಕೂಡಿಸಿ ಪಡೆದದ್ದು. ಮಿಶ್ರತಳಿಯ ಮೊದಲ ಪೀಳಿಗೆ ಒಂದೇ ಅಚ್ಚಿನಲ್ಲಿ ಎರೆದಂತೆ ಸಮನಾಗಿರುತ್ತದೆ, ಗೂಡು ಹಳದಿಯಾಗಿರುತ್ತದೆ, ಬೆಳೆ ಚೆನ್ನಾಗಿ ಬರುತ್ತದೆ. ಹಾಗಾದರೆ ರೈತ ಆ ಗೂಡುಗಳಲ್ಲಿ ಕೆಲವನ್ನು ಉಳಿಸಿಕೊಂಡು, ಚಿಟ್ಟೆ ಹೊರಡಿಸಿ, ತಾನೇ ಮೊಟ್ಟೆ ಮಾಡಿಕೊಳ್ಳಬಾರದೇಕೆ? ಪ್ರತಿ ಬೆಳೆಗೂ ಬಿತ್ತನೆ ಕೋಠಿಗೆ ಏಕೆ ಹೋಗಬೇಕು? ಏಕೆಂದರೆ ಎರಡನೆಯ ಪೀಳಿಗೆಯಲ್ಲಿ ಸಮತೆ ಒಡೆದುಹೋಗುತ್ತದೆ. ಒಂದು ಹುಳು ಅಜ್ಜನಂತೆ, ಇನ್ನೊಂದು ಅಜ್ಜಿಯಂತೆ, ಮತ್ತೊಂದು ಇಬ್ಬರಂತೆಯೂ ಅಲ್ಲ. ಗೂಡುಗಳ ಬಣ್ಣ ಬೆರಕೆ, ನೂಲು ಬೆರಕೆ. ವಿಜಯಪುರ, ಶಿಡ್ಲಘಟ್ಟಗಳ ಗೂಡಿನ ಮಾರುಕಟ್ಟೆಯಲ್ಲಿ ಅಂಥ ಮಾಲಿಗೆ ಬೆಲೆ ಹತ್ತುವುದಿಲ್ಲ.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಮೊದಲ ಪೀಳಿಗೆಯ ಹಳದಿ ಗೂಡಿನಲ್ಲಿ ಬಿಳಿಯ ಬಣ್ಣ ಎಲ್ಲಿ ಹೋಗಿತ್ತು? ಕರಗಿ ಹೋಗಿದ್ದರೆ ಮತ್ತೆ ಬರುತ್ತಿರಲಿಲ್ಲ. ಹಾಲಿಗೆ ಬೆರೆಸಿದ ನೀರನ್ನು ಬೇರ್ಪಡಿಸಲಾಗುತ್ತದೆಯೆ? ಮರಳಿ ಬಂದಿತೆಂದ ಮೇಲೆ ಅದು ಕರಗಿರಲಿಲ್ಲ, ಅಡಗಿತ್ತು, ಅಷ್ಟೆ. ಆನುವಂಶಿಕ ಗುಣಗಳು ನೀರಿನಂತೆ ಬೆರೆಯುವುದಿಲ್ಲ, ರಾಗಿಯೊಳಗಿನ ಸಾಸಿವೆಯಂತೆ ಬಿಡಿ ಬಿಡಿಯಾಗಿ ಉಳಿಯುತ್ತವೆ ಎಂಬುದನ್ನು ಮೊದಲು ಲೆಕ್ಕವಿಟ್ಟು ತೋರಿಸಿದವನು ಗ್ರೆಗರ್ ಮೆಂಡೆಲ್ ಎಂಬ ಕ್ರೈಸ್ತ ಸಂನ್ಯಾಸಿ. ಇಂದಿನ ಚೆಕ್ ದೇಶದ ಬರ್ನೋ ಪಟ್ಟಣದ ಮಠದ ತೋಟದಲ್ಲಿ ಬಟಾಣಿ ಗಿಡಗಳನ್ನು ವರ್ಷಗಟ್ಟಲೆ ಬೆಳೆಸಿ, ಎಣಿಸಿ, ಅವನು 1866ರಲ್ಲಿ ಪ್ರಕಟಿಸಿದ ಲೇಖನವನ್ನು ಆಗ ಓದಿ ಅರಿತವರು ಇರಲಿಲ್ಲವೆಂದೇ ಹೇಳಬೇಕು. ಅವನು 1884ರಲ್ಲಿ ತೀರಿಕೊಂಡ. ಲೋಕ ಅವನನ್ನು ಕಂಡುಕೊಂಡದ್ದು 1900ರಲ್ಲಿ. ಕೆಲವೇ ವರ್ಷಗಳಲ್ಲಿ, 1906ರಲ್ಲಿ, ಜಪಾನಿನ ತೊಯಾಮಾ ಎಂಬ ವಿಜ್ಞಾನಿ ಇದೇ ನಿಯಮ ರೇಷ್ಮೆ ಹುಳುವಿಗೂ ಸಲ್ಲುತ್ತದೆಂದು ತೋರಿಸಿದ. ನಮ್ಮ ಮನೆಗಳ ತಟ್ಟೆ ಚಂದ್ರಿಕೆಗಳವರೆಗೆ ಮೆಂಡೆಲ್ ನಡೆದುಬಂದದ್ದು ಈ ದಾರಿಯಲ್ಲಿ.

ಮೆಂಡೆಲ್ಲನ ನಿಯಮದ ಸಾರ ಇಷ್ಟು. ಪ್ರತಿಯೊಂದು ಗುಣಕ್ಕೂ ಜೀವಿಯಲ್ಲಿ ಎರಡು ಸೂಚನೆಗಳಿರುತ್ತವೆ. ಒಂದು ತಾಯಿ ಕೊಟ್ಟದ್ದು, ಇನ್ನೊಂದು ತಂದೆ ಕೊಟ್ಟದ್ದು. ಎರಡೂ ಭಿನ್ನವಾಗಿದ್ದಾಗ ಒಂದು ಮಾತಾಡುತ್ತದೆ, ಇನ್ನೊಂದು ಸುಮ್ಮನಿರುತ್ತದೆ. ಮಾತಾಡುವುದನ್ನು ಪ್ರಬಲವೆಂದೂ ಸುಮ್ಮನಿರುವುದನ್ನು ದುರ್ಬಲವೆಂದೂ ಪಠ್ಯಪುಸ್ತಕಗಳು ಕರೆಯುತ್ತವೆ. 'ದುರ್ಬಲ'ವೆಂಬ ಮಾತು ಅಷ್ಟು ಸಮರ್ಪಕವಲ್ಲ. 'ಅಡಗಿದ' ಎಂದರೆ ಅರ್ಥ ಹೆಚ್ಚು ಸರಿಯಾದೀತು. ಮುಂದಿನ ಪೀಳಿಗೆಗೆ ಈ ಎರಡರಲ್ಲಿ ಯಾವುದಾದರೂ ಒಂದು ಮಾತ್ರ ದಾಟುತ್ತದೆ. ಯಾವುದು ದಾಟುತ್ತದೆಂಬುದು ಕವಡೆ ಬಿದ್ದಂತೆ.

ಈ ಸೂಚನೆ ಯಾವುದರ ಮೇಲೆ, ಯಾವ ಲಿಪಿಯಲ್ಲಿ ಬರೆದದ್ದು? ಡಿ.ಎನ್.ಎ. ಎಂಬ ಉದ್ದನೆಯ ಅಣುವಿನ ಮೇಲೆ. ಅದರ ಜೋಡಿ ಸುರುಳಿಯ ರಚನೆಯನ್ನು ವಾಟ್ಸನ್ ಮತ್ತು ಕ್ರಿಕ್ 1953ರಲ್ಲಿ ಬಿಡಿಸಿ ಹೇಳಿದರು. ರೊಸಾಲಿಂಡ್ ಫ್ರಾಂಕ್ಲಿನ್ ಎಂಬ ವಿಜ್ಞಾನಿಯ ಕ್ಷಕಿರಣ ಚಿತ್ರಗಳು ಅವರಿಗೆ ದಾರಿ ತೋರಿಸಿದುವು. ಕನ್ನಡಕ್ಕೆ ಐವತ್ತರಷ್ಟು ಅಕ್ಷರ ಬೇಕು. ಈ ಲಿಪಿಗೆ ನಾಲ್ಕೇ ಅಕ್ಷರ ಸಾಕು. ಮೂರು ಮೂರು ಅಕ್ಷರ ಸೇರಿ ಒಂದು ಪದ. ನಾಲ್ಕು ಅಕ್ಷರಗಳಿಂದ ಇಂಥ 64 ಪದಗಳಾಗುತ್ತವೆ. ಹೆಚ್ಚಿನ ಪದಗಳು 20 ಅಮೈನೋ ಆಮ್ಲಗಳಲ್ಲಿ ಒಂದೊಂದನ್ನು ಹೆಸರಿಸುತ್ತವೆ; ಮೂರು ಪದಗಳು ನಮ್ಮ ಪೂರ್ಣವಿರಾಮದ ಕೆಲಸ ಮಾಡುತ್ತವೆ. ಈ ನಿಘಂಟನ್ನು ಬಿಡಿಸಿದ ಸಾಧನೆಗೆ 1968ರಲ್ಲಿ ನೊಬೆಲ್ ಬಹುಮಾನ ಪಡೆದ ಮೂವರಲ್ಲಿ ಪಂಜಾಬಿನ ಹಳ್ಳಿಯೊಂದರಲ್ಲಿ ಹುಟ್ಟಿದ ಹರಗೋಬಿಂದ್ ಖುರಾನಾ ಒಬ್ಬರು. ಮನುಷ್ಯನ ಗ್ರಂಥದ ಒಂದು ಪ್ರತಿಯಲ್ಲಿ ಸುಮಾರು 300 ಕೋಟಿ ಅಕ್ಷರಗಳಿವೆ. ಅದು 23 ಸಂಪುಟಗಳಲ್ಲಿ, ಎಂದರೆ 23 ವರ್ಣತಂತುಗಳಲ್ಲಿ, ಹಂಚಿಕೊಂಡಿದೆ. ಗ್ರಂಥದೊಳಗಿನ ಒಂದೊಂದು ಅಧ್ಯಾಯವನ್ನು ಒಂದೊಂದು ವಂಶವಾಹಿ ಎನ್ನಬಹುದು; ಪ್ರೋಟೀನುಗಳ ತಯಾರಿಕೆಯನ್ನು ಹೇಳುವ ಅಂಥ ಅಧ್ಯಾಯಗಳು ಸುಮಾರು 20,000. ತಾಯಿಯದೊಂದು ಪ್ರತಿ, ತಂದೆಯದೊಂದು ಪ್ರತಿ, ಹೀಗೆ ಎರಡು ಪ್ರತಿಗಳು ನಮ್ಮ ಮೈಯ ಬಹುತೇಕ ಪ್ರತಿಯೊಂದು ಜೀವಕೋಶದಲ್ಲಿಯೂ ಇವೆ.

ಗ್ರಂಥ, ಪ್ರತಿ ಎಂಬ ಮಾತುಗಳನ್ನು ನಾನು ಅಲಂಕಾರಕ್ಕಾಗಿ ಬಳಸುತ್ತಿಲ್ಲ. ತಾಳೆಯೋಲೆಯ ಕಾವ್ಯಗಳನ್ನು ಸಂಪಾದಿಸುವವರಿಗೆ ಈ ಸಮಸ್ಯೆ ಹೊಸದಲ್ಲ. ಡಿ. ಎಲ್. ನರಸಿಂಹಾಚಾರ್ಯರಂಥ ವಿದ್ವಾಂಸರು ಕನ್ನಡದಲ್ಲಿ ಬೆಳೆಸಿದ ಗ್ರಂಥಸಂಪಾದನೆಯ ಶಾಸ್ತ್ರದಲ್ಲಿ ಹಸ್ತಪ್ರತಿಗಳಿಗೂ ವಂಶವೃಕ್ಷವನ್ನು ಬರೆಯುವ ಪದ್ಧತಿಯುಂಟು. ಒಂದು ಮಾತೃಪ್ರತಿಯಿಂದ ಎರಡು, ಎರಡರಿಂದ ನಾಲ್ಕು ಎಂದು ಪ್ರತಿಗಳು ಇಳಿದು ಬರುತ್ತವೆ. ಲಿಪಿಕಾರ ಎಷ್ಟೇ ಎಚ್ಚರದಿಂದಿದ್ದರೂ ಎಲ್ಲಿಯಾದರೂ ಕೈತಪ್ಪುತ್ತಾನೆ. 'ಮರ' ಎಂಬುದು 'ವರ'ವಾಗುತ್ತದೆ. ಆ ತಪ್ಪನ್ನು ಅವನ ಪ್ರತಿಯಿಂದ ಇಳಿದ ಎಲ್ಲ ಪ್ರತಿಗಳೂ ನಿಷ್ಠೆಯಿಂದ ಹೊತ್ತು ತರುತ್ತವೆ. ಜೀವಕೋಶದಲ್ಲಿಯೂ ನಡೆಯುವುದು ಇದೇ. ಅಲ್ಲಿನ ಲಿಪಿಕಾರ ನಮ್ಮವನಿಗಿಂತ ಬಹುಪಾಲು ನಿಷ್ಣಾತ. ಆದರೂ ಪ್ರತಿಯೊಂದು ಮಗುವಿನಲ್ಲಿ ತಂದೆತಾಯಿಗಳಿಬ್ಬರಲ್ಲಿಯೂ ಇಲ್ಲದ ಕೆಲವು ಹತ್ತು ಹೊಸ ಅಕ್ಷರವ್ಯತ್ಯಾಸಗಳು ಸೇರುತ್ತವೆ. ಹೆಚ್ಚಿನವು ನಿರುಪದ್ರವಿ.

ಎಲ್ಲ ವ್ಯತ್ಯಾಸವೂ ಅಪಪಾಠವಲ್ಲ ಎಂಬುದನ್ನೂ ಇಲ್ಲಿಯೇ ಹೇಳಬೇಕು. ಚಾಮರಾಜನಗರ, ಮೈಸೂರು ಕಡೆಯ ಕಾಡುಗಳ ಬುಡಕಟ್ಟು ಜನರಲ್ಲಿ ಕುಡುಗೋಲು ಕಣದ ರಕ್ತಹೀನತೆ ಎಂಬ ಕಾಯಿಲೆ ಕಂಡುಬರುತ್ತದೆ. ರಕ್ತದ ಹಿಮೋಗ್ಲೋಬಿನ್ ತಯಾರಿಕೆಯ ಸೂಚನೆಯಲ್ಲಿ ಒಂದೇ ಒಂದು ಅಕ್ಷರ ಬದಲಾದದ್ದು ಅದಕ್ಕೆ ಕಾರಣ. ಎರಡು ಪ್ರತಿಗಳಲ್ಲಿಯೂ ಆ ಬದಲಾವಣೆಯಿದ್ದವರಿಗೆ ಮೈಕೈ ಹಿಂಡುವ ನೋವು, ರಕ್ತಹೀನತೆ. ಒಂದು ಪ್ರತಿಯಲ್ಲಿ ಮಾತ್ರ ಇದ್ದವರು ಸಾಮಾನ್ಯವಾಗಿ ಆರೋಗ್ಯವಾಗಿರುತ್ತಾರೆ. ಅಷ್ಟೇ ಅಲ್ಲ, ಮಾರಕ ಮಲೇರಿಯಾವನ್ನು ಇತರರಿಗಿಂತ ಚೆನ್ನಾಗಿ ಎದುರಿಸುತ್ತಾರೆ. ಮಲೇರಿಯಾ ಮುತ್ತಿದ ಕಾಡಿನಲ್ಲಿ ಆ ಪಾಠಾಂತರ ಉಳಿದುಬಂದದ್ದು ಇದಕ್ಕಾಗಿ. ಯಾವ ಪಾಠ ಶುದ್ಧ, ಯಾವುದು ಅಶುದ್ಧ ಎಂದು ತೀರ್ಪು ಕೊಡುವ ಮೊದಲು ಸಂದರ್ಭವನ್ನು ನೋಡು ಎಂಬ ಸಂಪಾದಕನ ನೀತಿ ಪ್ರಕೃತಿಗೂ ಸಲ್ಲುತ್ತದೆ.

ಈಗ ಮೊದಲ ಪ್ರಶ್ನೆಗೆ ಬರೋಣ. ಸಂಪಾದಕನ ಕೈಯಲ್ಲಿ ಎರಡು ಹಸ್ತಪ್ರತಿಗಳಿದ್ದರೆ ಒಂದರ ತಪ್ಪನ್ನು ಇನ್ನೊಂದರಿಂದ ತಿದ್ದಿಕೊಳ್ಳುತ್ತಾನೆ. ನಮ್ಮ ಮೈಯೂ ಹೀಗೆಯೇ ಬದುಕುತ್ತದೆ. ನಮ್ಮಲ್ಲಿ ಪ್ರತಿಯೊಬ್ಬರ ಗ್ರಂಥದಲ್ಲಿಯೂ ಅಲ್ಲೊಂದು ಇಲ್ಲೊಂದು ಗಂಭೀರ ತಪ್ಪು ಇದ್ದೇ ಇದೆ. ಇನ್ನೊಂದು ಪ್ರತಿ ಸರಿಯಾಗಿರುವುದರಿಂದ ಅದು ಹೊರಗೆ ಕಾಣುವುದಿಲ್ಲ. ಹಳದಿ ಗೂಡಿನಲ್ಲಿ ಬಿಳಿಯ ಬಣ್ಣ ಅಡಗಿದ್ದಂತೆ ಅದು ತಲೆಮಾರುಗಳವರೆಗೆ ಅಡಗಿರಬಲ್ಲದು. ಗಂಡನಲ್ಲಿಯೂ ಹೆಂಡತಿಯಲ್ಲಿಯೂ ಒಂದೇ ಅಧ್ಯಾಯದಲ್ಲಿ ತಪ್ಪು ಅಡಗಿದ್ದರೆ ಮಾತ್ರ, ನಾಲ್ಕು ಸಂಭವಗಳಲ್ಲಿ ಒಂದರಂತೆ, ಮಗುವಿಗೆ ಎರಡೂ ತಪ್ಪು ಪ್ರತಿಗಳು ಬರುತ್ತವೆ. ಆಗ ತಿದ್ದುವುದಕ್ಕೆ ಇನ್ನೊಂದು ಪ್ರತಿ ಇರುವುದಿಲ್ಲ. ಥಲಸ್ಸೀಮಿಯಾ ಎಂಬ ರಕ್ತದ ಕಾಯಿಲೆ, ಹುಟ್ಟುಕಿವುಡಿನ ಅನೇಕ ಬಗೆಗಳು ಬರುವುದು ಹೀಗೆ. ಪ್ರತಿಯೊಂದು ಸಲವೂ ನಾಲ್ಕರಲ್ಲಿ ಒಂದೇ. ಮೊದಲ ಮಗುವಿಗೆ ಬಂದಿತೆಂದು ಮುಂದಿನ ಮೂವರು ಪಾರಾದರೆಂದು ತಿಳಿಯಬಾರದು.

ಇನ್ನು ನಮ್ಮ ಸೀಮೆಯ ಸೋದರಿಕೆಯ ವಿಷಯ. ಅಕ್ಕನ ಮಗಳನ್ನು ತಂದುಕೊಳ್ಳುವುದು, ಸೋದರಮಾವನ ಮಗನಿಗೆ ಅಥವಾ ಸೋದರತ್ತೆಯ ಮಗನಿಗೆ ಹೆಣ್ಣು ಕೊಡುವುದು ಇಲ್ಲಿ ಬಲು ಹಳೆಯ ವಾಡಿಕೆ. ನನ್ನ ತಂದೆ ತಾಯಿಯೂ ಸೋದರಮಾವ, ಸೋದರಸೊಸೆಯೇ. 1980ರ ದಶಕದಲ್ಲಿ ಬೆಂಗಳೂರು ಮೈಸೂರುಗಳ ಆಸ್ಪತ್ರೆಗಳಲ್ಲಿ ಹುಟ್ಟಿದ ಶಿಶುಗಳ ರಕ್ತ ಪರೀಕ್ಷೆಯ ಜೊತೆಗೆ ತಂದೆತಾಯಿಗಳ ಸಂಬಂಧವನ್ನೂ ವಿಜ್ಞಾನಿಗಳು ವಿಚಾರಿಸಿದರು. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊಫೆಸರ್ ಎನ್. ಅಪ್ಪಾಜಿ ರಾವ್ ಈ ಕಾರ್ಯದ ಮುಂಚೂಣಿಯಲ್ಲಿದ್ದವರು. ಒಂದು ಲಕ್ಷಕ್ಕೂ ಮಿಕ್ಕ ಮದುವೆಗಳಲ್ಲಿ ನೂರಕ್ಕೆ ಸುಮಾರು 30 ರಕ್ತಸಂಬಂಧದೊಳಗೇ ಆದವು ಎಂದು ತಿಳಿದುಬಂತು. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿಯೂ ಕರ್ನಾಟಕದ ಸಂಖ್ಯೆ ನೂರಕ್ಕೆ 27ರ ಸುಮಾರಿನಲ್ಲಿದೆ. ವಾಡಿಕೆ ಇನ್ನೂ ಅಳಿದಿಲ್ಲ.

ಸೋದರಿಕೆಯಿಂದ ತಪ್ಪು ಹುಟ್ಟುತ್ತದೆಂದು ತಿಳಿಯಬೇಡಿ. ತಪ್ಪು ಎಲ್ಲ ಮನೆಗಳಲ್ಲಿಯೂ ಇದೆ. ಆದರೆ ಒಂದೇ ಮಾತೃಪ್ರತಿಯಿಂದ ನಕಲಾದ ಎರಡು ಹಸ್ತಪ್ರತಿಗಳನ್ನು ಹೋಲಿಸಿದರೆ ಸಂಪಾದಕನಿಗೆ ಪ್ರಯೋಜನ ಕಡಿಮೆ. ಒಂದರಲ್ಲಿರುವ ತಪ್ಪೇ ಇನ್ನೊಂದರಲ್ಲಿಯೂ ಇರುವ ಸಂಭವ ಹೆಚ್ಚು. ಒಂದು ಲೆಕ್ಕ ನೋಡಿ. ನೂರರಲ್ಲಿ ಒಬ್ಬರು ಹೊತ್ತಿರುವ ಅಡಗಿದ ತಪ್ಪೊಂದು ಒಬ್ಬ ಗಂಡಸಿನಲ್ಲಿ ಇದೆಯೆನ್ನೋಣ. ಅವನು ಸಂಬಂಧವಿಲ್ಲದ ಮನೆಯ ಹೆಣ್ಣನ್ನು ತಂದರೆ ಅವಳಲ್ಲಿಯೂ ಅದಿರುವ ಸಂಭವ ನೂರರಲ್ಲಿ ಒಂದು; ಮಗುವಿಗೆ ಕಾಯಿಲೆ ಬರುವ ಸಂಭವ 400ರಲ್ಲಿ ಒಂದು. ಅಕ್ಕನ ಮಗಳನ್ನು ತಂದರೆ ಅವಳಲ್ಲಿ ಅದಿರುವ ಸಂಭವ ನಾಲ್ಕರಲ್ಲಿ ಒಂದು. ಮಗುವಿಗೆ ಬರುವ ಸಂಭವ 16ರಲ್ಲಿ ಒಂದು. ಮಾವನ ಮಗಳಾದರೆ 32ರಲ್ಲಿ ಒಂದು.

ಹೆದರಿಸುವುದು ನನ್ನ ಉದ್ದೇಶವಲ್ಲ. ಸಂಬಂಧವಿಲ್ಲದ ದಂಪತಿಗಳ ನೂರು ಶಿಶುಗಳಲ್ಲಿಯೂ ಎರಡು ಮೂರಕ್ಕೆ ಹುಟ್ಟಿನಿಂದಲೇ ಗಂಭೀರವಾದ ಊನವಿರುತ್ತದೆ. ಮಾವನ ಮಕ್ಕಳು, ಅತ್ತೆಯ ಮಕ್ಕಳು ಮದುವೆಯಾದಲ್ಲಿ ಅದು ಸುಮಾರು ಇಮ್ಮಡಿಯಾಗಬಹುದು. ಸೋದರಮಾವನಲ್ಲಿ ಇನ್ನಷ್ಟು ಹೆಚ್ಚು. ಆದರೂ ಸೋದರಿಕೆಯ ಮಕ್ಕಳಲ್ಲಿ ಬಹುಪಾಲು ಆರೋಗ್ಯವಂತರೇ. ವಾಡಿಕೆಗೆ ಅದರದೇ ಆದ ಕಾರಣಗಳೂ ಇದ್ದುವು. ಹೆಣ್ಣು ಗೊತ್ತಿರುವ ಮನೆಗೆ ಹೋಗಲಿ, ಅತ್ತೆಯಾಗುವವಳು ಅಜ್ಜಿಯೇ ಆಗಿರಲಿ, ನಾಲ್ಕು ಎಕರೆ ಜಮೀನು ಮನೆಯೊಳಗೇ ಉಳಿಯಲಿ ಎಂಬ ಆಸೆ ಸಣ್ಣದಲ್ಲ. ಈ ಹೋಬಳಿಯ 13 ಹಳ್ಳಿಗಳ 1,777 ಎಕರೆ ಭೂಮಿಯನ್ನು ಕೈಗಾರಿಕೆಗಾಗಿ ಸ್ವಾಧೀನ ಪಡಿಸಿಕೊಳ್ಳುವುದರ ವಿರುದ್ಧ ರೈತರು 2022ರಿಂದ ಮೂರು ವರ್ಷಕ್ಕೂ ಮಿಕ್ಕಿ ಧರಣಿ ಕುಳಿತರು; 2025ರ ಜುಲೈ 15ರಂದು ಸ್ವಾಧೀನವನ್ನು ಕೈಬಿಡುವುದಾಗಿ ಸರ್ಕಾರ ಘೋಷಿಸಿತು. ಭೂಮಿ ಇಲ್ಲಿ ಏನೆಂಬುದನ್ನು ಬಲ್ಲವರು ಸೋದರಿಕೆಯನ್ನು ಬರಿಯ ಮೌಢ್ಯವೆಂದು ತಳ್ಳಿಹಾಕಲಾರರು.

ಆದರೆ ಒಂದು ವಿಚಿತ್ರವನ್ನು ನೋಡಿ. ಒಂದೇ ಬೆಡಗು ಅಥವಾ ಒಂದೇ ಗೋತ್ರವಾದರೆ ನಾವು ಸಂಬಂಧ ಬೆಳೆಸುವುದಿಲ್ಲ, ಹತ್ತು ತಲೆಮಾರಿನ ಹಿಂದೆ ಬೇರೆಯಾದವರಾದರೂ ಅಣ್ಣತಂಗಿಯರೆನ್ನುತ್ತೇವೆ. ತಾಯಿಯ ಒಡಹುಟ್ಟಿದವನಿಗೆ ಮಾತ್ರ ಮಗಳನ್ನು ಧಾರೆಯೆರೆಯುತ್ತೇವೆ. ವಂಶವೆಂದರೆ ತಂದೆಯ ಕಡೆಯದು ಎಂಬುದು ನಮ್ಮ ಎಣಿಕೆ. ಜೀವಕೋಶಕ್ಕೆ ಬೆಡಗು ಗೊತ್ತಿಲ್ಲ. ಅದರ ಲೆಕ್ಕದಲ್ಲಿ ತಾಯಿಯ ಪಾಲು ತಂದೆಯ ಪಾಲಿಗೆ ಸಮಸಮ. ಇದೇ ಸತ್ಯ ಇನ್ನೊಂದು ಕಡೆಗೂ ಹರಿತವಾಗಿದೆ. ಅಡಗಿದ ಕಾಯಿಲೆ ಮಗುವಿನಲ್ಲಿ ಹೊರಬರಬೇಕಾದರೆ ಸಾಮಾನ್ಯವಾಗಿ ಎರಡು ಕಡೆಯ ಪಾಲೂ ಬೇಕು. 'ನಿನ್ನಿಂದ ಬಂತು' ಎಂದು ಹೆತ್ತವಳನ್ನು ಹಂಗಿಸುವ ಗಂಡ, ತನ್ನ ಅರ್ಧವನ್ನು ಮರೆತಿದ್ದಾನೆ. ಗಂಡುಮಗು ಹೆಣ್ಣುಮಗುಗಳ ವಿಷಯದಲ್ಲಂತೂ ನಿರ್ಣಯ ತಂದೆಯಿಂದ ಬರುವ ವರ್ಣತಂತುವಿನದು. ಹೆಣ್ಣು ಹೆತ್ತಳೆಂದು ತಾಯಿಯನ್ನು ದೂರಿದ ಎಷ್ಟು ಮನೆಗಳು ನಮ್ಮಲ್ಲಿ ಇಲ್ಲ!

ಎಲ್ಲ ಕಾಯಿಲೆಯೂ ಅಡಗಿ ಬರುವುದಿಲ್ಲ. ಸಾಗರ ತಾಲ್ಲೂಕಿನ ಹಂದಿಗೋಡು ಎಂಬ ಹಳ್ಳಿಯ ಹೆಸರಿನಿಂದಲೇ ಕರೆಯುವ ಮೂಳೆ ಕೀಲುಗಳ ಕಾಯಿಲೆಯೊಂದು 1970ರ ದಶಕದಲ್ಲಿ ಬೆಳಕಿಗೆ ಬಂತು. ನಡು ಬಾಗಿ, ಸೊಂಟದ ಕೀಲು ಸವೆದು, ನಡೆಯಲಾರದೆ ತೆವಳುವ ಸ್ಥಿತಿಗೆ ಬಂದವರು ಬಡ ಕೂಲಿಕಾರರು. ಗದ್ದೆಯ ಏಡಿಯನ್ನು ತಿಂದದ್ದರಿಂದ, ಕೀಟನಾಶಕದ ವಿಷದಿಂದ ಬಂದಿರಬಹುದೆಂಬ ಊಹೆಗಳಿದ್ದುವು. ಕುಟುಂಬಗಳ ವಂಶವೃಕ್ಷಗಳನ್ನು ಬರೆದು ನೋಡಿದ ಮೇಲೆ ಅದು ಆನುವಂಶಿಕವೆಂದೂ, ಒಂದೇ ತಪ್ಪು ಪ್ರತಿ ಸಾಕಾಗುವ ಪ್ರಬಲ ಜಾತಿಯದೆಂದೂ ಸಂಶೋಧಕರು ಕಂಡುಕೊಂಡರು. ಶಾಪವೆಂದು ತಲೆಯ ಮೇಲೆ ಕೈಹೊತ್ತು ಕುಳಿತರೆ ವಂಶವೃಕ್ಷ ಬರೆಯುವವರು ಯಾರು?

ಹಾಗಾದರೆ ಮಾಡಬೇಕಾದದ್ದೇನು? ಮದುವೆಯ ಮಾತುಕತೆಗೆ ಕುಳಿತಾಗ ಜಾತಕ ಕೇಳುವವರು ಜಾತಕ ಕೇಳಲಿ. ಜೊತೆಗೆ, ಎರಡೂ ಮನೆಗಳಲ್ಲಿ ಹುಟ್ಟುಕಿವುಡು, ಪದೇ ಪದೇ ರಕ್ತ ಕೊಡಿಸಬೇಕಾದ ಕಾಯಿಲೆ, ಎಳವೆಯಲ್ಲಿಯೇ ತೀರಿಕೊಂಡ ಒಂದಕ್ಕಿಂತ ಹೆಚ್ಚು ಶಿಶುಗಳು ಇದ್ದುವೆ ಎಂದು ಹಿರಿಯರು ಮರೆಮಾಚದೆ ಹೇಳಿಕೊಳ್ಳಲಿ. ಥಲಸ್ಸೀಮಿಯಾದ ಸೂಚನೆಯನ್ನು ಹೊತ್ತವರು ನಮ್ಮ ದೇಶದಲ್ಲಿ ನೂರಕ್ಕೆ ಮೂರು ನಾಲ್ವರಿದ್ದಾರೆಂದು ಅಂದಾಜು. ಸಾಧಾರಣ ರಕ್ತಪರೀಕ್ಷೆಯಿಂದ ಅದು ತಿಳಿಯುತ್ತದೆ. ಬೆಂಗಳೂರಿನ ಮಾನವ ತಳಿವಿಜ್ಞಾನ ಕೇಂದ್ರದಂಥ ಕಡೆ ವಂಶವೃಕ್ಷ ನೋಡಿ ಸಲಹೆ ಕೊಡುವವರಿದ್ದಾರೆ. ಮೈಸೂರಿನಲ್ಲಿ 1965ರಿಂದ ಇರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಎಳೆಯ ಮಗುವಿನ ಕಿವಿಯನ್ನು ಪರೀಕ್ಷಿಸಿ, ಮಾತು ಕಲಿಯುವ ವಯಸ್ಸು ಮೀರುವ ಮೊದಲು ನೆರವಾಗಬಲ್ಲದು. ಹೊರಗಿನ ಸಂಬಂಧವಾಯಿತೆಂದು ನಿಶ್ಚಿಂತರಾಗುವಂತೆಯೂ ಇಲ್ಲ. ನಮ್ಮ ಜಾತಿ ಒಳಜಾತಿಗಳು ಶತಮಾನಗಳಿಂದ ತಮ್ಮ ತಮ್ಮೊಳಗೇ ಕೊಟ್ಟು ತಂದುಕೊಂಡಿರುವುದರಿಂದ, ಸಂಬಂಧವಿಲ್ಲವೆಂದು ತಿಳಿದವರೂ ದೂರದ ಒಂದೇ ಮಾತೃಪ್ರತಿಯಿಂದ ಇಳಿದವರಾಗಿರಬಹುದೆಂದು, ಹೈದರಾಬಾದಿನ ವಿಜ್ಞಾನಿಗಳೂ ಪಾಲ್ಗೊಂಡು 2017ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿದೆ.

ಒಂದು ಎಚ್ಚರಿಕೆಯ ಮಾತನ್ನು ಹೇಳಿ ಮುಗಿಸುತ್ತೇನೆ. ರೇಷ್ಮೆ ಹುಳುವನ್ನು ನೂಲಿಗಾಗಿ ಆರಿಸುತ್ತೇವೆ. ಮನುಷ್ಯನನ್ನು ಹಾಗೆ ಆರಿಸಹೊರಟವರು ಇತಿಹಾಸದಲ್ಲಿ ಮಾಡಿದ ಅನಾಹುತ ಅಷ್ಟಿಷ್ಟಲ್ಲ. ನಿರ್ದೋಷವಾದ ಪ್ರತಿಯನ್ನು ಹೊತ್ತು ಹುಟ್ಟಿದ ಮನುಷ್ಯ ಯಾವ ಜಾತಿಯಲ್ಲಿಯೂ ಯಾವ ದೇಶದಲ್ಲಿಯೂ ಇಲ್ಲ. ಆದುದರಿಂದ ನಮ್ಮದು ಶುದ್ಧ ರಕ್ತ, ಅವರದು ಕೀಳು ರಕ್ತ ಎಂಬ ಮಾತಿಗೆ ಈ ಶಾಸ್ತ್ರದಲ್ಲಿ ಎಡೆಯೇ ಇಲ್ಲ. ಗ್ರಂಥದಲ್ಲಿ ಬರೆದದ್ದೆಲ್ಲ ಹಣೆಬರಹವೂ ಅಲ್ಲ. ಅನ್ನ, ಆರೈಕೆ, ಶಿಕ್ಷಣಗಳು ಅದೇ ಗ್ರಂಥವನ್ನು ಬೇರೆ ಬೇರೆಯಾಗಿ ಓದಿಸಬಲ್ಲವು. ನಮಗೆ ಬಂದ ಎರಡು ಪ್ರತಿಗಳನ್ನು ನಾವು ಆರಿಸಿಕೊಳ್ಳಲಿಲ್ಲ. ಮುಂದಿನವರಿಗೆ ಒಪ್ಪಿಸುವಾಗ ತಿಳಿದು ಒಪ್ಪಿಸುವ ಅವಕಾಶ ಮಾತ್ರ ಹಿಂದಿನ ಯಾವ ತಲೆಮಾರಿಗೂ ಇಲ್ಲದಷ್ಟು ನಮಗಿದೆ. ಕಿವಿ ಕೇಳದ ಮಗುವನ್ನು ಮಡಿಲಲ್ಲಿಟ್ಟುಕೊಂಡ ತಾಯಿಯನ್ನು ದೂರುವ ಬದಲು ಆ ಅವಕಾಶವನ್ನು ಬಳಸಿಕೊಳ್ಳುವುದು ವಿವೇಕ.